ಸರ್, ನಾವು ಅತ್ತಿದ್ದು ಸುಳ್ಳಿಗಾ?

ನಾನು ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಎರಡನೇ ಮಹಾಯುದ್ಧದ ಪಾಠ ಮಾಡೋಕೆ ಹೋಗಿ ನಾನು ಸಿಕ್ಕಿಹಾಕಿಕೊಂಡ ಕಥೆಯನ್ನ ಇವತ್ತು ಹೇಳ್ತೀನಿ.

ಪಠ್ಯದಲ್ಲಿ ಮಹಾಯುದ್ಧ ಅಂದ್ರೆ ಕೆಲವೇ ಪುಟ. 1939, 1945, ಹಿಟ್ಲರ್, ಹಿರೋಷಿಮಾ. ಮಕ್ಕಳು ಬಾಯಿಪಾಠ ಮಾಡ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೀತಾರೆ. ಹಾಗಾಗಿ ನಾನು ನಮ್ಮೂರಲ್ಲೇ ಸಾಮಗ್ರಿ ಹುಡುಕಿದೆ. ಮೂಡಿಗೆರೆಯಲ್ಲೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಮಿಲೆನಿಯಂ ಸರಣಿ ಇದೆಯಲ್ಲ, ಅದರಲ್ಲಿ 'ಮಹಾಯುದ್ಧ' ಅಂತಲೇ ಮೂರು ಪುಸ್ತಕಗಳಿವೆ. ಜೊತೆಗೆ 'ಮಹಾಪಲಾಯನ' ಇದೆ. ನಾನು ಹುಡುಗನಾಗಿದ್ದಾಗ ರಾತ್ರಿಯಿಡೀ ಓದಿದ್ದ ಪುಸ್ತಕ. ಅದನ್ನೇ ಕ್ಲಾಸಿಗೆ ಒಯ್ದೆ.

ಸ್ಲಾವೋಮಿರ್ ರಾವಿಚ್ ಅನ್ನೋ ಪೋಲೆಂಡಿನ ಸೈನಿಕ. 1941ರಲ್ಲಿ ಸೈಬೀರಿಯಾದ ಸೆರೆ ಶಿಬಿರದಿಂದ ಆರು ಜನರ ಜೊತೆ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ ನಡೆದುಕೊಂಡೇ ಭಾರತಕ್ಕೆ ಬಂದೆ ಅಂತಾನೆ. ದಾರಿಯಲ್ಲಿ ಜೊತೆಯಾದ ಕ್ರಿಸ್ಟೀನಾ ಅನ್ನೋ ಹುಡುಗಿ ಗೋಬಿಯಲ್ಲಿ ಸಾಯ್ತಾಳೆ. ಅದನ್ನ ಓದಿದ ದಿನ ಕ್ಲಾಸಲ್ಲಿ ಸುಮಾರು ಮಕ್ಕಳು ಅತ್ತರು. ನನಗೆ ಒಳಗೊಳಗೇ ಹೆಮ್ಮೆ.

ಮಾರನೇ ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ರಾತ್ರಿ ಅಪ್ಪನ ಮೊಬೈಲಲ್ಲಿ ಹುಡುಕಿದ್ದಳು. "ಸರ್, ಈ ಕಥೆ ನಿಜ ಅಲ್ವಂತೆ. ನಾವು ಅತ್ತಿದ್ದು ಸುಳ್ಳಿಗಾ?"

ನಿಜ ಹೇಳ್ತೀನಿ, ಸಿಟ್ಟು ಬಂತು. "ಇಂಟರ್ನೆಟ್ಟಲ್ಲಿ ಬಂದಿದ್ದೆಲ್ಲ ನಂಬಬೇಡ, ಕೂತ್ಕೋ" ಅಂದೆ. ಅವಳು ಕೂತಳು. ಮನೆಗೆ ಹೋಗಿ ನಾನೇ ಹುಡುಕಿದೆ. ಅವಳು ಹೇಳಿದ್ದು ಸರಿ ಇತ್ತು. 2006ರಲ್ಲಿ ಬಿಬಿಸಿ ಸೋವಿಯತ್ ದಾಖಲೆಗಳನ್ನ ಹೊರಗೆ ತಂದಿತ್ತು. ಅವುಗಳ ಪ್ರಕಾರ ರಾವಿಚ್ ತಪ್ಪಿಸಿಕೊಂಡೇ ಇರಲಿಲ್ಲ. 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋಗಿದ್ದ. ಅಷ್ಟೊತ್ತಿಗೆ ಅವನು ತೀರಿಕೊಂಡು ಎರಡು ವರ್ಷ ಆಗಿತ್ತು. ತೇಜಸ್ವಿಯವರು ಕನ್ನಡಕ್ಕೆ ತಂದಾಗ ಈ ದಾಖಲೆಗಳು ಹೊರಗೆ ಬಂದಿರಲಿಲ್ಲ.

ಮಾರನೇ ದಿನ ಮೊದಲು ಆ ಹುಡುಗಿ ಹತ್ರ, ಇಡೀ ಕ್ಲಾಸಿನ ಎದುರಿಗೆ, "ನಾನು ಹೇಳಿದ್ದು ತಪ್ಪಮ್ಮ" ಅಂದೆ. ಆಮೇಲೆ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದೆ. ಇದನ್ನ ಹೇಳಿದವರು ಯಾರು? ಯಾವಾಗ ಹೇಳಿದರು? ಬೇರೆ ಯಾವ ದಾಖಲೆ ಇದನ್ನ ಒಪ್ಪುತ್ತೆ?

ತಪ್ಪಿಸಿಕೊಂಡೆ ಅಂತ ಅವನು ಹೇಳೋದು 1941ರಲ್ಲಿ, ಇಂಗ್ಲಿಷ್ ಮೂಲ ಬಂದಿದ್ದು 1956ರಲ್ಲಿ, ಅದೂ ಇನ್ನೊಬ್ಬ ಪತ್ರಕರ್ತ ಬರೆದುಕೊಟ್ಟಿದ್ದು. ಮಕ್ಕಳೇ ಅಟ್ಲಾಸ್ ತೆಗೆದು ಅಳತೆ ಹಾಕಿದರು. "ಗೋಬಿಯಲ್ಲಿ ಇಷ್ಟು ದಿನ ನೀರಿಲ್ಲದೆ ಬದುಕೋಕಾಗುತ್ತಾ ಸರ್?" ಅಂತ ಒಬ್ಬ ಕೇಳಿದ. ಆ ಪ್ರಶ್ನೆ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಹಾಗಾದ್ರೆ ನಿಜ ಯಾವುದು? 1939ರ ಸೆಪ್ಟೆಂಬರ್ 17ಕ್ಕೆ ಸೋವಿಯತ್ ಸೇನೆ ಪೋಲೆಂಡಿಗೆ ನುಗ್ಗಿದ್ದು ನಿಜ. ಲಕ್ಷಾಂತರ ಜನರನ್ನ, ಹೆಂಗಸರು ಮಕ್ಕಳನ್ನೂ, ಸೈಬೀರಿಯಾ ಕಡೆಗೆ ಸಾಗಿಸಿದ್ದು ನಿಜ. ಅವರಲ್ಲಿ ಎಷ್ಟೋ ಜನ ಇರಾನ್ ಮೂಲಕ ಭಾರತಕ್ಕೆ ಬಂದಿದ್ದೂ ನಿಜ. ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ನಮ್ಮ ಬೆಳಗಾವಿಯಿಂದ ಎರಡು ಮೂರು ಗಂಟೆ ದಾರಿ ಅಷ್ಟೆ. ಕ್ರಿಸ್ಟೀನಾ ಇದ್ದಳು ಅನ್ನೋಕೆ ಪುರಾವೆ ಇಲ್ಲ. ಅವಳ ವಯಸ್ಸಿನ ಹುಡುಗಿಯರು ವಳಿವಡೆಯಲ್ಲಿ ಶಾಲೆಗೆ ಹೋಗಿದ್ದಕ್ಕೆ ಇದೆ.

ಅದೇ ಮೂರು ಪ್ರಶ್ನೆ ಹಿಡಿದು ಮಕ್ಕಳನ್ನ ಮನೆಗೆ ಕಳಿಸಿದೆ. ಒಬ್ಬ ಬಂದು, "ಅಜ್ಜ ಹೇಳಿದ್ರು, ಯುದ್ಧ ಬಂದಿದ್ದಕ್ಕೇ ಕಾಫಿ ಪೂಲ್ ಬಂತಂತೆ" ಅಂದ. ಹುಡುಕಿದ್ವಿ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೊಳ್ಳೋರಿಲ್ಲದಂತಾಯ್ತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ. ಬೆಳೆಗಾರರು ಕಾಫಿಯನ್ನ ಮಂಡಳಿಗೇ ಒಪ್ಪಿಸಿ, ಕಂತಿನಲ್ಲಿ ಹಣ ಕಾಯಬೇಕಿತ್ತು. ಆ ಪದ್ಧತಿ ಪೂರ್ತಿ ಹೋಗಿದ್ದು 1996ರಲ್ಲಿ. ಅಜ್ಜನ ಮಾತು ಪರೀಕ್ಷೆಯಲ್ಲಿ ಪಾಸ್! ಹಿಟ್ಲರನ ಯುದ್ಧ ನಮ್ಮ ಕಣದ ತನಕ ಬಂದಿತ್ತು ಅಂತ ಹುಡುಗರಿಗೆ ಅವತ್ತು ಗೊತ್ತಾಯ್ತು.

'ಮಹಾಪಲಾಯನ' ಈಗಲೂ ಕ್ಲಾಸಿಗೆ ಒಯ್ತೀನಿ. ಮಕ್ಕಳು ಈಗಲೂ ಅಳ್ತಾರೆ. ಕಣ್ಣು ಒರೆಸಿಕೊಂಡ ಮೇಲೆ ಮೂರು ಪ್ರಶ್ನೆ ಬರೀತೀವಿ. ನೀವೂ ಇವತ್ತು ವಾಟ್ಸಾಪಿಗೆ ಬಂದ ಯಾವುದಾದ್ರೂ ಒಂದು ಇತಿಹಾಸದ ಮೆಸೇಜಿಗೆ ಆ ಪ್ರಶ್ನೆ ಕೇಳಿ ನೋಡಿ. ಫಾರ್ವರ್ಡ್ ಮಾಡೋದು ಆಮೇಲೆ.