ಕಾಲೇಜಿನ ಹೊಸ್ತಿಲಲ್ಲಿ

ನೆಲಗಡಲೆ ಬಿತ್ತನೆಗೆ ಹದ ಬಂತೋ ಇಲ್ಲವೋ ಎಂದು ನಮ್ಮ ಕಡೆಯ ರೈತರು ಆಕಾಶ ನೋಡುತ್ತಿರುವ ದಿನಗಳಲ್ಲಿಯೇ ನಮ್ಮ ಕಾಲೇಜುಗಳ ಬಾಗಿಲೂ ತೆರೆಯುತ್ತದೆ. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡುವವರಿಗೆ ಹೊಸ ವಿದ್ಯಾರ್ಥಿಯನ್ನು ಗುರುತಿಸಲು ಯಾರ ನೆರವೂ ಬೇಕಾಗದು. ಅವನ ಅಂಗಿಯಲ್ಲಿ ಅಂಗಡಿಯ ಮಡಿಕೆ ಇನ್ನೂ ಅಳಿಸಿರುವುದಿಲ್ಲ. ಬಸ್ಸಿನಿಂದ ಇಳಿದವನು ನೇರವಾಗಿ ಕಾಲೇಜಿನ ಕಡೆಗೆ ಹೊರಡುವುದಿಲ್ಲ. ತನ್ನ ಊರಿನ ಇನ್ನೊಬ್ಬ ಯಾರಾದರೂ ಇಳಿದಾರೇನೋ ಎಂದು ಕಾಯುತ್ತಾನೆ. ಹುಡುಗಿಯರಿಗಾದರೆ ಈ ಕಷ್ಟ ಕಡಿಮೆ. ಅವರು ಊರಿನಿಂದ ಹೊರಡುವಾಗಲೇ ಇಬ್ಬರು ಮೂವರು ಕೂಡಿಕೊಂಡಿರುತ್ತಾರೆ. ಒಬ್ಬಳೇ ಆದರೆ ಮನೆಯಲ್ಲಿ ಕಳುಹಿಸುವುದೂ ಇಲ್ಲ.

ಈ ಸೀಮೆಯ ಕಾಲೇಜುಗಳಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಕೆಲಸಕ್ಕೆ ಸೇರಿದಾಗ ಇದು ಕೋಲಾರ ಜಿಲ್ಲೆಯಾಗಿತ್ತು. 2007ರಲ್ಲಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾಯಿತು. ಇಷ್ಟು ವರ್ಷಗಳಲ್ಲಿ ನನಗೆ ದೃಢವಾಗಿರುವ ಒಂದು ಮಾತೆಂದರೆ, ಪದವಿಯ ಗತಿ ಬಹುಮಟ್ಟಿಗೆ ಮೊದಲ ತಿಂಗಳಿನಲ್ಲಿಯೇ ನಿಶ್ಚಯವಾಗಿಬಿಡುತ್ತದೆ ಎಂಬುದು. ಪರೀಕ್ಷೆಯಲ್ಲಿ ನಪಾಸಾದವರ ಲೆಕ್ಕವನ್ನು ವಿಶ್ವವಿದ್ಯಾನಿಲಯ ಇಡುತ್ತದೆ. ಆದರೆ ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು, ಯಾರ ಕಣ್ಣಿಗೂ ಬೀಳದೆ, ಒಂದು ದಿನ ಸದ್ದಿಲ್ಲದೆ ಬರುವುದನ್ನು ನಿಲ್ಲಿಸಿದವರ ಲೆಕ್ಕವನ್ನು ಇಡುವವರು ಯಾರು? ಈ ಹೊತ್ತು ಅವರನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲ ತೊಡಕು ನುಡಿಯದು. ನಮ್ಮದು ಗಡಿಸೀಮೆ. ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಶಿಡ್ಲಘಟ್ಟದ ಕೆಲವು ಬೀದಿಗಳಲ್ಲಿ ಮನೆಯ ಮಾತು ಉರ್ದು. ಈ ಎರಡು ನುಡಿಗಳ ನಡುವೆ ನಮ್ಮ ಮಕ್ಕಳು ಎಷ್ಟು ಸಲೀಸಾಗಿ ಓಡಾಡುತ್ತಾರೆಂದರೆ, ದಾಟಿದ್ದೂ ಅವರಿಗೆ ತಿಳಿಯುವುದಿಲ್ಲ. ಅಂಥವರು ವಿಜ್ಞಾನಕ್ಕೋ ವಾಣಿಜ್ಯಕ್ಕೋ ಸೇರಿದ ದಿನ ಮೂರನೆಯ ನುಡಿಯ ಮುಂದೆ ಬಂದು ನಿಲ್ಲುತ್ತಾರೆ. ಇಂಗ್ಲಿಷನ್ನು ಅವರು ಅದುವರೆಗೆ ಒಂದು ವಿಷಯವಾಗಿ ಓದಿದ್ದರೇ ಹೊರತು, ಇತರ ವಿಷಯಗಳನ್ನೆಲ್ಲ ಅದರ ಮೂಲಕ ಓದಿದವರಲ್ಲ. ಅಧ್ಯಾಪಕರು ಒಂದು ಗಂಟೆ ಮಾತಾಡಿ ಹೋಗುತ್ತಾರೆ. ಹುಡುಗ ಬರೆದುಕೊಳ್ಳುತ್ತಲೇ ಇರುತ್ತಾನೆ. ಬರೆದದ್ದು ಏನೆಂದು ಮಾತ್ರ ಕೇಳಬೇಡಿ.

ಚಿಂತಾಮಣಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರ ಮಗಳೊಬ್ಬಳು ವಾಣಿಜ್ಯ ತರಗತಿಗೆ ಸೇರಿದ್ದಳು. ಮನೆಯಲ್ಲಿ ಅಪ್ಪನ ಜೊತೆ ಕುಳಿತು ಚಿಟ್ಟಾ ಬರೆದು ಬಲ್ಲವಳು. ಬಂದ ಹಣವನ್ನು ಎಡಕ್ಕೆ ಜಮಾ ಎಂದು ಬರೆಯುವುದು ಅವಳಿಗೆ ಗೊತ್ತು. ಕಾಲೇಜಿನ ಪುಸ್ತಕವೂ ನಗದು ಲೆಕ್ಕದಲ್ಲಿ ಬಂದ ಹಣವನ್ನು ಎಡಕ್ಕೇ ಬರೆಯುತ್ತದೆ. ಆದರೆ ಅದನ್ನು ಡೆಬಿಟ್ ಎಂದು ಕರೆಯುತ್ತದೆ. ಡೆಬಿಟ್ ಎಂದರೆ ಕಳೆಯುವುದು, ಬ್ಯಾಂಕಿನವರು ನಮ್ಮ ಖಾತೆಯಿಂದ ತೆಗೆಯುವುದು ಎಂದೇ ಅವಳು ಕೇಳಿ ಬಲ್ಲಳು. ಬಂದದ್ದು ಹೇಗೆ ಕಳೆಯುವುದಾದೀತು? ಎರಡು ವಾರ ಆಕೆ ಇದನ್ನು ಯಾರಲ್ಲಿಯೂ ಕೇಳಲಿಲ್ಲ. ಕೇಳಿದಾಗ ತಿಳಿಸಲು ಹತ್ತು ನಿಮಿಷ ಹಿಡಿಯಿತು: ಬ್ಯಾಂಕು ಬರೆಯುವುದು ತನ್ನ ಪುಸ್ತಕದಲ್ಲಿ, ನಾವು ಬರೆಯುವುದು ನಮ್ಮ ಪುಸ್ತಕದಲ್ಲಿ, ಅಷ್ಟೆ. ತರಗತಿಯಲ್ಲಿ ಆ ವಿಷಯವನ್ನು ಅವಳಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲವೆಂಬುದು ಆ ಹತ್ತು ನಿಮಿಷದ ಅನಂತರ ಹೊರಬಿತ್ತು. ತಾನು ದಡ್ಡಿ ಎಂಬ ತೀರ್ಮಾನಕ್ಕೆ ಆ ಎರಡು ವಾರಗಳಲ್ಲಿ ಅವಳು ಬಂದಾಗಿತ್ತು. ಇನ್ನೊಂದು ವಾರ ಕಳೆದಿದ್ದರೆ ಮನೆಯವರೂ ಬಂದುಬಿಡುತ್ತಿದ್ದರು.

ಹೊಸ ಊರು, ಹೊಸ ಪಾಠ, ಕೈಯಲ್ಲಿ ಕಾಸಿಲ್ಲ ಎಂಬ ಮಾತು ಬಂದಾಗಲೆಲ್ಲ ನಮ್ಮ ಸೀಮೆಯವರು ಇಬ್ಬರ ಹೆಸರು ಹೇಳುತ್ತಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಚಿಕ್ಕಬಳ್ಳಾಪುರದ ಶಾಲೆ ಮುಗಿಸಿ ಬೆಂಗಳೂರಿಗೆ ಹೋದವರು. ಮನೆಪಾಠ ಹೇಳಿ ಸಂಪಾದಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಇನ್ನೊಬ್ಬರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. ಬಸ್ಸಿನ ಖರ್ಚಿಗೆ ಹಣವಿಲ್ಲದೆ 1935ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ಸುಮಾರು 85 ಕಿಲೋಮೀಟರ್ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡು, ಹಿಂತಿರುಗಿ ಓದು ಮುಗಿಸಿದರು.

ಈ ಕಥೆಗಳನ್ನು ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದಲ್ಲಿ ಪ್ರತಿವರ್ಷ ಹೇಳುತ್ತೇವೆ. ಹೇಳುವ ರೀತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ‘ಅವರು ನಡೆದು ಹೋದರು, ನೀವು ಬಸ್ಸಿನಲ್ಲಿ ಬಂದೂ ಓದುವುದಿಲ್ಲ’ ಎಂಬ ಗದರಿಕೆಯಾಗಿ ಆ ನಡಿಗೆಯನ್ನು ಬಳಸಿಕೊಳ್ಳುತ್ತೇವೆ. ಹೊಸೂರಿನ ಆ ಹುಡುಗ ಹಾಗೆ ಸುಮ್ಮನೆ ನಡೆದು ಹೋಗಲಿಲ್ಲ. ಹೊಸೂರಿನಲ್ಲಿ ಅವನಿಗೆ ಪಾಠ ಹೇಳಿದ್ದ ಉಪಾಧ್ಯಾಯರೇ ಆಗ ಬೆಂಗಳೂರಿನ ಶಾಲೆಯಲ್ಲಿದ್ದರು. ಹೋಗಿ ನಿಂತರೆ ಗುರುತು ಹಿಡಿಯುವ ಒಂದು ಮುಖ ಅಲ್ಲಿತ್ತು. ತಂಗಲು ಬಡ ವಿದ್ಯಾರ್ಥಿಗಳ ನಿಲಯವೂ ದೊರೆಯಿತು. ಕಾಲಿನ ಕಸುವನ್ನು ಮಾತ್ರ ಹೊಗಳಿ ಆ ಮುಖವನ್ನು ಮರೆಯುವುದು ನಮ್ಮಂಥ ಅಧ್ಯಾಪಕರಿಗೆ ಅನುಕೂಲವೇ ಸರಿ! ನರಸಿಂಹಯ್ಯನವರು ಅದನ್ನು ಮರೆತಂತೆ ಕಾಣುವುದಿಲ್ಲ. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಆದರೂ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಅವರ ಸರಳತೆಯ ನಿದರ್ಶನವೆಂದು ಇದನ್ನು ಹೇಳುವುದುಂಟು. ಪ್ರತಿ ವರ್ಷವೂ ಹಾಸಿಗೆಯ ಸುರುಳಿ ಹೊತ್ತು ಬಾಗಿಲಲ್ಲಿ ತಡವರಿಸುತ್ತ ನಿಂತ ಹೊಸ ಹುಡುಗನನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆ ಯಾವ ಕುಲಪತಿಗೆ ಇದ್ದೀತು ಎಂದು ನಾನು ಯೋಚಿಸುತ್ತೇನೆ. ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜು ತೆರೆಯುವುದರಲ್ಲಿ ಅವರು ಮುಂದಾಗಿ ನಿಂತದ್ದರ ಅರ್ಥವೂ ಇಷ್ಟೇ ಇರಬೇಕು: ಇನ್ನೊಬ್ಬನು ಅಷ್ಟು ದೂರ ನಡೆಯಬೇಕಾಗಬಾರದು.

ಶಿಡ್ಲಘಟ್ಟದ ವಿಷಯ ಬೇರೆ. ಅಲ್ಲಿಯ ಹುಡುಗ ಬಡವನೇ ಆಗಿರಬೇಕೆಂದಿಲ್ಲ. ಬಿಡುವಿಲ್ಲದವನು ಮಾತ್ರ ಹೌದು. ಊರಿನಲ್ಲಿ ರೇಷ್ಮೆ ಬಿಚ್ಚಣಿಕೆ, ಸುತ್ತಲ ಹಳ್ಳಿಗಳಲ್ಲಿ ಹುಳು ಸಾಕಣೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಟ್ಟು ಐದನೆಯ ಹಂತಕ್ಕೆ ಬಂದಾಗ, ತನ್ನ ಬಾಳಿನಲ್ಲಿ ತಿನ್ನುವ ಒಟ್ಟು ಸೊಪ್ಪಿನ ಶೇಕಡಾ 80ಕ್ಕೂ ಹೆಚ್ಚನ್ನು ಆ ಒಂದು ವಾರದಲ್ಲಿ ತಿಂದು ಮುಗಿಸುತ್ತದೆ. ಆಮೇಲೆ ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಮನೆಯ ಒಂದು ಜೊತೆ ಕೈಯನ್ನೂ ಬಿಟ್ಟುಕೊಡಲಾಗದು. ವಿಶ್ವವಿದ್ಯಾನಿಲಯದ ನಿಯಮವೋ ಶೇಕಡಾ 75ರ ಹಾಜರಾತಿ ಕೇಳುತ್ತದೆ. ಹುಳುವಿಗೆ ಆ ನಿಯಮ ತಿಳಿಯದು, ನಿಯಮಕ್ಕೆ ಹುಳು ತಿಳಿಯದು. ಕಾಲೇಜು ಶುರುವಾದ ಎರಡನೆಯ ವಾರದಲ್ಲಿಯೇ ಐದಾರು ದಿನ ಕಾಣೆಯಾದ ಹುಡುಗ ಹಿಂತಿರುಗಿದಾಗ ಪಾಠ ಎಲ್ಲಿಗೋ ಹೋಗಿರುತ್ತದೆ, ಗೆಳೆತನದ ಗುಂಪುಗಳೂ ಕಟ್ಟಿಯಾಗಿರುತ್ತವೆ. ಪಾಠವನ್ನಾದರೂ ಇನ್ನೊಬ್ಬರ ನೋಟುಪುಸ್ತಕದಿಂದ ಇಳಿಸಿಕೊಳ್ಳಬಹುದು. ಆದರೆ ಆ ಪುಸ್ತಕ ಕೊಡುವವನೊಬ್ಬ ಗೆಳೆಯ ಬೇಕಲ್ಲ!

ಗೆಳೆತನ ಹುಟ್ಟುವುದು ತರಗತಿಯಲ್ಲಿ ಅಲ್ಲ. ಕಾಲೇಜಿನ ಎದುರಿನ ಟೀ ಅಂಗಡಿ, ಬಸ್ಸಿನ ಹಿಂದಿನ ಸೀಟು, ಶುಲ್ಕ ಕಟ್ಟುವ ಸಾಲು, ಇವೇ ಅದರ ತಾಣಗಳು. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ನಿಲ್ಲಿಸಿ ಹಾಡಿಸುವುದು, ಸಲಾಮು ಹೊಡೆಸುವುದು ನಮ್ಮ ಸಣ್ಣ ಊರುಗಳಲ್ಲಿಯೂ ಇದ್ದ ಚಾಳಿ. ಅದು ತಮಾಷೆಯೆಂದು ಹೇಳುವವರನ್ನು ನಾನು ನಂಬಿದವನಲ್ಲ. ಹಾಡುವವನ ಕಾಲು ನಡುಗುತ್ತಿರುವುದನ್ನು ನೋಡಿದ್ದೇನೆ. ಕರ್ನಾಟಕ ಶಿಕ್ಷಣ ಕಾಯಿದೆ, 1983 ಇದನ್ನು ಅಪರಾಧವೆಂದಿತು. 2009ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಮತ್ತಷ್ಟು ಬಿಗಿಯಾದ ನಿಯಮ ತಂದಿತು. ಈಗ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಒಳ್ಳೆಯದೇ. ಆದರೆ ಇಂಗ್ಲಿಷಿನಲ್ಲಿರುವ ಆ ಕಾಗದಕ್ಕೆ, ಅದರಲ್ಲಿ ಏನಿದೆಯೆಂದು ಅರಿಯದೆ, ಮಗನಿಗೆ ಏನೋ ಅಪಾಯವಿದೆಯೆಂದು ಮಾತ್ರ ಊಹಿಸಿ ರುಜು ಹಾಕಿದ ತಂದೆಯ ಮುಖ ನನಗೆ ಇನ್ನೂ ನೆನಪಿದೆ.

ಹುಡುಗಿಯರ ಓದು ಬಸ್ಸಿನ ವೇಳೆಯನ್ನು ನಂಬಿಕೊಂಡದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣ ಉಳಿಯಿತು. ಎಷ್ಟೋ ಮನೆಗಳಲ್ಲಿ ‘ಕಾಲೇಜು ಬೇಡ’ ಎನ್ನಲು ಇದ್ದ ಒಂದು ನೆಪ ಅದರಿಂದ ತಪ್ಪಿತೆಂಬುದು ನನ್ನ ಎಣಿಕೆ. ಖಾಸಗಿ ಬಸ್ಸು ಮಾತ್ರ ಓಡುವ ದಾರಿಗಳಲ್ಲಿ ಆ ಅನುಕೂಲವಿಲ್ಲ. ಇನ್ನು, ಹಣ ಉಳಿದರೂ ಹೊತ್ತು ಉಳಿಯುವುದಿಲ್ಲ. ಕೊನೆಯ ಗಂಟೆಯ ಪಾಠ ಮುಗಿಯುವ ಮೊದಲೇ ಊರಿನ ಬಸ್ಸು ಹೊರಡುವುದಾದರೆ, ಆ ಹುಡುಗಿ ವರ್ಷವಿಡೀ ಆ ಪಾಠವನ್ನು ಅರ್ಧವೇ ಕೇಳುತ್ತಾಳೆ. ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು, ಪುಸ್ತಕವನ್ನು ಚೀಲಕ್ಕೆ ಸೇರಿಸಿಕೊಂಡು, ಗಡಿಯಾರ ನೋಡುತ್ತಿರುವವಳನ್ನು ಕಂಡು ‘ಪಾಠದಲ್ಲಿ ಗಮನವಿಲ್ಲ’ ಎಂದು ರೇಗುವ ಅಧ್ಯಾಪಕರಿದ್ದಾರೆ.

ಒಂದು ಕಾಲೇಜಿನಲ್ಲಿ ಒಂದು ವರ್ಷ ನಾವು ನಾಲ್ಕೈದು ಮಂದಿ ಅಧ್ಯಾಪಕರು ಕೂಡಿ ಒಂದು ಸಣ್ಣ ಕೆಲಸ ಮಾಡಿದೆವು. ಸ್ವಾಗತ ಸಮಾರಂಭಕ್ಕೆ ಮೊದಲೇ, ತರಗತಿಯ ಮೊದಲ ದಿನ, ಪ್ರತಿಯೊಬ್ಬ ಹೊಸ ವಿದ್ಯಾರ್ಥಿಯ ಹೆಸರಿನ ಮುಂದೆ ಮೂರು ವಿಷಯ ಬರೆದುಕೊಂಡೆವು: ಊರು ಯಾವುದು, ಹಿಂದಿರುಗುವ ಬಸ್ಸು ಎಷ್ಟು ಗಂಟೆಗೆ, ಮನೆಯಲ್ಲಿ ಕೆಲಸ ಯಾವುದು. ಆಮೇಲೆ ಒಂದೇ ದಾರಿಯ ಹಿರಿಯ ವಿದ್ಯಾರ್ಥಿಯೊಬ್ಬನನ್ನೋ ಒಬ್ಬಳನ್ನೋ ಅವರಿಗೆ ಪರಿಚಯ ಮಾಡಿಸಿದೆವು. ಕೊನೆಯ ಗಂಟೆಯನ್ನು ಕಾಲು ಗಂಟೆ ಹಿಂದಕ್ಕೆ ಸರಿಸಿದ್ದರಿಂದ ಒಂಬತ್ತು ಹುಡುಗಿಯರಿಗೆ ಬಸ್ಸು ಸಿಕ್ಕಿತು. ಈ ಮೂರು ಕಲಮುಗಳನ್ನು ಬರೆಯಲು ಬೇಕಾದದ್ದು ನಾಲ್ಕು ಹಾಳೆ ಕಾಗದ, ಒಂದು ಮಧ್ಯಾಹ್ನ.