ಸೀಟಿನ ಲೆಕ್ಕ, ಮನಸ್ಸಿನ ಲೆಕ್ಕ



ವೈದ್ಯರಿಗೇಕೆ ಎಂಜಿನಿಯರಿಂಗ್ ಸೀಟಿನ ಮಾತು ಎನ್ನಬೇಡಿ. ಹೆರಿಗೆ ವಾರ್ಡಿನ ಲೆಕ್ಕವೇ ಹದಿನೆಂಟು ವರ್ಷದ ನಂತರ ಕಾಲೇಜಿನ ಬಾಗಿಲಿಗೆ ಬರುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತಾಯಿಗೆ ಸರಾಸರಿ ಮಕ್ಕಳು 1992-93ರಲ್ಲಿ 2.85, 2019-21ರಲ್ಲಿ 1.7. ಇಷ್ಟನ್ನು ಮೊದಲೇ ಎಣಿಸಬಹುದು.

ಎಣಿಕೆಗೆ ಸಿಗದ್ದು ಮನೆಮಂದಿಯ ಒಲವು. ಐಟಿ ಭರಾಟೆಯನ್ನು ನಂಬಿ ದೇಶದಲ್ಲಿ ಕಾಲೇಜುಗಳು ಸಾಲುಸಾಲಾಗಿ ತೆರೆದವು; ಅರ್ಧದಷ್ಟು ಸೀಟು ಖಾಲಿ ಉಳಿದದ್ದನ್ನು ಕಂಡು 2018ರಲ್ಲಿ ಬಿ.ವಿ.ಆರ್. ಮೋಹನ್ ರೆಡ್ಡಿ ಸಮಿತಿ, 2020ರಿಂದ ಹೊಸ ಕಾಲೇಜು ಬೇಡವೆಂದಿತು. ಆದರೂ ಕಂಪ್ಯೂಟರ್ ಸೀಟಿಗೆ ನೂಕುನುಗ್ಗಲು ನಿಲ್ಲಲಿಲ್ಲ.

ಆ ನೂಕಿನಲ್ಲಿ ನಮ್ಮ ಕೈಯೂ ಇದೆ. 2019ರಲ್ಲಿ ಅಣ್ಣನ ಮಗ ಸಿವಿಲ್ ಬೇಕೆಂದ. ನಾವು ಇಲ್ಲಿಂದ ಫೋನಿನಲ್ಲೇ, "ಕಂಪ್ಯೂಟರ್ ತಗೊಳ್ಳಪ್ಪಾ" ಎಂದೆವು. ಫಾರಿನ್ ಡಾಕ್ಟರ ಮಾತು, ನೋಡಿ! ಎರಡು ವರ್ಷ ಐಟಿಯಲ್ಲಿ ಸುಗ್ಗಿಯೋ ಸುಗ್ಗಿ, ನಾವೂ ಬೀಗಿದೆವು. 2023ರಲ್ಲಿ ಅವನ ಓದು ಮುಗಿಯುವ ಹೊತ್ತಿಗೆ ಕಂಪನಿಗಳು ನೇಮಕವನ್ನೇ ತಗ್ಗಿಸಿದ್ದವು. ಒಂದು ವರ್ಷ ಮನೆಯಲ್ಲಿ ಕುಳಿತ. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ.

ಮೊನ್ನೆ ಅವನ ತಂಗಿಯ ಸರದಿ. "ಚಿಕ್ಕಪ್ಪಾ, ಯಾವ ಬ್ರಾಂಚು?" "ನಿನಗೇನಿಷ್ಟಮ್ಮಾ?" ಎಂದೆವು. ಅತ್ತಿಗೆ ಫೋನ್ ಕಸಿದುಕೊಂಡು, "ಸರಿಯಾಗಿ ಹೇಳಿ, ಆಪ್ಷನ್ ಎಂಟ್ರಿಗೆ ನಾಳೆಯೇ ಕೊನೆ" ಎಂದರು.