ಕಂಬ ಕೆರೆದು ನೋಡುವವರು



ಕುದುರೆಮುಖದ ಅದಿರು ನವಮಂಗಳೂರು ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದಿರು ತುಂಬಿಕೊಳ್ಳಲು ಬರುವ ಹಡಗು ತೀರ ಹಗುರಾದರೆ ಕಡಲಿನಲ್ಲಿ ಹೊಯ್ದಾಡುತ್ತದೆ. ಅದಕ್ಕೇ ಹೊರಟ ಕಡೆಯಲ್ಲೇ ಟನ್‌ಗಟ್ಟಲೆ ಸಮುದ್ರದ ನೀರನ್ನು ತೊಟ್ಟಿಗಳಿಗೆ ತುಂಬಿಕೊಂಡು ಬಂದು, ಸರಕು ಏರಿದ ಹಾಗೆ ಹೊರಕ್ಕೆ ಬಿಡುತ್ತದೆ. ಇದು ಬ್ಯಾಲಸ್ಟ್ ನೀರು. ಏಡಿಯ ಮರಿ, ಚಿಪ್ಪುಜೀವಿಗಳ ಮರಿ, ಸೂಕ್ಷ್ಮ ಪಾಚಿ ಎಲ್ಲವೂ ಅದರಲ್ಲಿರುತ್ತವೆ. ಹಡಗಿನ ತಳಕ್ಕೆ ಅಂಟಿಕೊಂಡು ಟಿಕೆಟ್ಟಿಲ್ಲದೆ ಬರುವವು ಬೇರೆ. ಹೆಚ್ಚಿನವು ಬಂದಲ್ಲೇ ಸಾಯುತ್ತವೆ. ಎಲ್ಲೋ ಒಂದು ಮಾತ್ರ ಬೇರೂರುತ್ತದೆ.

ಆ ಒಂದನ್ನು ಹುಡುಕುವುದು ಹೇಗೆ? 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಹೋಬಾರ್ಟ್‌ನಲ್ಲಿ ಕೂತು ಇದಕ್ಕೊಂದು ಕ್ರಮ ರೂಪಿಸಿದರು. ಮುಳುಗುಗಾರ ಧಕ್ಕೆಯ ಕಂಬದ ಪಕ್ಕದಲ್ಲೇ ನೀರಿಗಿಳಿಯುತ್ತಾನೆ. ಅರ್ಧ ಮೀಟರ್, ಮೂರು ಮೀಟರ್, ಏಳು ಮೀಟರ್ ಆಳದಲ್ಲಿ ಕಂಬಕ್ಕೆ ಒಂದು ಸಣ್ಣ ಚೌಕಟ್ಟು ಹಿಡಿದು, ಅದರೊಳಗೆ ಅಂಟಿಕೊಂಡದ್ದನ್ನೆಲ್ಲ ಕೆರೆದು ಚೀಲಕ್ಕೆ ಹಾಕುತ್ತಾನೆ. ಬಂದರಿನ ನೀರು ಎಷ್ಟು ಬಗ್ಗಡವೆಂದರೆ, ಎಷ್ಟೋ ಸಲ ಕೈಯೇ ಕಣ್ಣಾಗಬೇಕು. ಇನ್ನೊಂದು ಕಡೆ ಏಡಿಗೆ ಎರೆಯಿಟ್ಟ ಬೋನುಗಳು. ತಳದ ಕೆಸರಿಗೆ ಕೊಳವೆ ಚುಚ್ಚಿ ಮಾದರಿ ತೆಗೆಯುವುದೂ ಉಂಟು. ಕೆಲವು ವಿಷಪಾಚಿಗಳ ಗಟ್ಟಿ ಕೋಶಗಳು ಕೆಸರಿನಲ್ಲಿ ವರ್ಷಗಟ್ಟಲೆ ನಿದ್ದೆ ಹೋಗಿ, ಕಾಲ ಕೂಡಿಬಂದಾಗ ಏಳುತ್ತವೆ.

ನಿಜವಾದ ಕಷ್ಟ ಶುರುವಾಗುವುದು ದಡಕ್ಕೆ ಬಂದ ಮೇಲೆ. ಒಂದು ಚೀಲದಲ್ಲಿರುವ ಹುಳ, ಚಿಪ್ಪು, ಸ್ಪಂಜುಗಳನ್ನು ಬೇರ್ಪಡಿಸಿ, ಪ್ರತಿಯೊಂದರ ಹೆಸರು ಹೇಳಬಲ್ಲವರು ಬೇಕು. ನನ್ನನ್ನು ಕೇಳಿದರೆ, ಮುಳುಗುವವರಿಗಿಂತ ಗುರುತಿಸುವವರೇ ಅಪರೂಪ. ಹೆಸರು ಸಿಕ್ಕರೂ ಅದು ಊರಿನದೋ ಪರವೂರಿನದೋ ಎಂಬ ತಕರಾರು ಮುಗಿಯುವುದಿಲ್ಲ. ನಮ್ಮ ಪಡುಗಡಲಲ್ಲಿ ಅರಬರ ಹಾಯಿಹಡಗುಗಳು ಶತಮಾನಗಟ್ಟಲೆ ಓಡಾಡಿವೆ. ಅವುಗಳ ಮರದ ತಳದಲ್ಲಿ ಏನೇನು ಬಂತೋ, ಲೆಕ್ಕ ಇಟ್ಟವರು ಯಾರು?

ಇಷ್ಟೆಲ್ಲ ಯಾಕೆ ಎಂದರೆ, ಡಾರ್ವಿನ್‌ನಲ್ಲಿ ನಡೆದದ್ದನ್ನು ಕೇಳಿ. ಆಸ್ಟ್ರೇಲಿಯಾದ ಉತ್ತರ ತುದಿಯ ಬಂದರು ಅದು. 1998ರಲ್ಲಿ ಅಲ್ಲಿ ಸಮೀಕ್ಷೆ ನಡೆಯಿತು. 1999ರ ಮಾರ್ಚ್‌ನಲ್ಲಿ ಮತ್ತೆ ಮುಳುಗಿದಾಗ ಕಲೆನ್ ಬೇ ಎಂಬ ದೋಣಿದಾಣದ ತುಂಬ ಕಪ್ಪು ಪಟ್ಟೆಯ ಸಣ್ಣ ಚಿಪ್ಪುಜೀವಿ! ನಮ್ಮ ಕರಾವಳಿಯ ಪಚ್ಚಿಲೆಯ ರೂಪ, ಗಾತ್ರದಲ್ಲಿ ಬಹಳ ಚಿಕ್ಕದು. ಮೂಲ ನೆಲೆ ಕೆರಿಬಿಯನ್ ಕಡಲು. ಹುಟ್ಟಿ ಒಂದು ತಿಂಗಳಿಗೆಲ್ಲ ಮೊಟ್ಟೆಯಿಡುವಷ್ಟು ಬಲಿಯುತ್ತದೆ. ಒಂದು ಚದರ ಮೀಟರಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಕಂಡವು. ಆರು ತಿಂಗಳ ಹಿಂದೆ ಇದು ಇರಲಿಲ್ಲ ಎಂದು ಖಚಿತವಾಗಿ ಹೇಳಲು ಹಿಂದಿನ ಸಮೀಕ್ಷೆಯ ಪಟ್ಟಿ ಇತ್ತು. ಹಾಗಾಗಿಯೇ ವಾದಕ್ಕೆ ಹೊತ್ತು ಕಳೆಯಲಿಲ್ಲ.

ಅದೃಷ್ಟವೂ ಜೊತೆಗಿತ್ತು ಅನ್ನಿ. ಡಾರ್ವಿನ್‌ನಲ್ಲಿ ಭರತ ಇಳಿತದ ಅಂತರ ಏಳೆಂಟು ಮೀಟರ್ ಮುಟ್ಟುತ್ತದೆ. ನೀರು ನಿಲ್ಲಿಸಲೆಂದು ದೋಣಿದಾಣಗಳಿಗೆ ಬಾಗಿಲುಗಳನ್ನು ಕಟ್ಟಿದ್ದರು. ಊರಿನ ಮೂರು ದೋಣಿದಾಣಗಳ ಬಾಗಿಲು ಮುಚ್ಚಿ, ನೂರು ಟನ್ನಿಗೂ ಹೆಚ್ಚು ಬ್ಲೀಚ್, ಜೊತೆಗೆ ಮೈಲುತುತ್ತವನ್ನು ನೀರಿಗೆ ಸುರಿದರು. ಅವುಗಳಲ್ಲಿದ್ದ ಬೇರೆ ಜೀವಿಗಳೂ ಸತ್ತವು. ಆಗಲೇ ಹೊರಟುಹೋಗಿದ್ದ ದೋಣಿಗಳನ್ನು ಹುಡುಕಿ ಪರೀಕ್ಷಿಸಿದರು. ಎರಡು ಮಿಲಿಯ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಖರ್ಚಾಯಿತು. ಕೆಲವೇ ವಾರಗಳಲ್ಲಿ ಆ ಜೀವಿ ಅಲ್ಲಿಂದ ನಿರ್ನಾಮವಾಯಿತು.

ಇದೇ ಜೀವಿ ವಿಶಾಖಪಟ್ಟಣದಲ್ಲಿ 1967ರಲ್ಲೇ ಕಂಡಿತ್ತು. ಆಮೇಲೆ ಮುಂಬೈಯಲ್ಲೂ ಕಾಣಿಸಿತು. ಒಮ್ಮೆ ತೆರೆದ ನೀರಿನಲ್ಲಿ ಹರಡಿದ ಮೇಲೆ ಬ್ಲೀಚು ಸುರಿಯುವ ಮಾತೆಲ್ಲಿ? ಬ್ಯಾಲಸ್ಟ್ ನೀರಿನ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಅಂಗೀಕಾರವಾಗಿ 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಹಡಗುಗಳು ಈಗ ಆ ನೀರನ್ನು ಶುದ್ಧಿ ಮಾಡಿಯೇ ಬಿಡಬೇಕು. ಆದರೆ ಡಾರ್ವಿನ್‌ಗೆ ಆ ಜೀವಿ ಬಂದದ್ದು ಬಹುಶಃ ಒಂದು ದೋಣಿಯ ತಳಕ್ಕೆ ಅಂಟಿಕೊಂಡು. ಅದಕ್ಕೇ ಅಲ್ಲಿ ಇವತ್ತಿಗೂ ಹೊರದೇಶದಿಂದ ಬಂದ ವಿಹಾರದೋಣಿಯ ತಳ ಪರೀಕ್ಷೆಯಾಗದೆ ದೋಣಿದಾಣದ ಬಾಗಿಲು ತೆರೆಯುವುದಿಲ್ಲ.